ತೆರಿಗೆ ಕಟ್ಟದವರಿಗೆ ಮನೆಯ ನೆರವು

ಕೆಂಗೇರಿಯ ಆಚೆ ಬಾಡಿಗೆಯ ಮನೆಯೊಂದನ್ನು ಆಶೀರ್ವದಿಸಲು ನಾವು ಇತ್ತೀಚೆಗೆ ಹೋಗಿದ್ದೆವು. ಮನೆಯ ಯಜಮಾನರು ಆಟೋ ಓಡಿಸುತ್ತಾರೆ. ಅವರ ಪತ್ನಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ ಮಾಡುತ್ತಾರೆ. ಐದು ವರ್ಷಗಳಲ್ಲಿ ಇದು ಅವರ ಮೂರನೆಯ ಮನೆ. ವಿಜಯನಗರದಿಂದ ಹೊರಟ ಸಂಸಾರ ಬಾಡಿಗೆ ಏರಿದಂತೆಲ್ಲ ಪಶ್ಚಿಮಕ್ಕೆ ಸರಿಯುತ್ತಿದೆ. 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂದಿತು. ಅದರ ಹಿಂದೆಯೇ ಬಾಡಿಗೆಯೂ ಏರಿತೆಂದು ಅವರು ನಕ್ಕರು. ಪ್ರಾರ್ಥನೆ ಮುಗಿದ ಮೇಲೆ ಆ ತಾಯಿ ಕೇಳಿದರು: "ಸ್ವಾಮಿ, ಸಾಲ ಮಾಡಿ ಮನೆ ತಗೊಂಡ್ರೆ ಸರ್ಕಾರದವರು ತೆರಿಗೆ ಬಿಡ್ತಾರಂತೆ. ನಮಗೆ ಎಷ್ಟು ಸಿಗುತ್ತೆ?"

ಏನೂ ಸಿಗದು ಎಂಬುದೇ ಉತ್ತರ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರು ತಾವು ವಾಸಿಸುವ ಮನೆಯ ಸಾಲಕ್ಕೆ ಕಟ್ಟಿದ ಬಡ್ಡಿಯನ್ನು ವರ್ಷಕ್ಕೆ 2 ಲಕ್ಷ ರೂಪಾಯಿಯವರೆಗೆ ಆದಾಯದಿಂದ ಕಳೆಯಬಹುದು. ಶೇಕಡಾ 30ರ ಹಂತದಲ್ಲಿರುವ ಅಧಿಕಾರಿಗೆ ಇದರಿಂದ ಸುಮಾರು 60 ಸಾವಿರ ರೂಪಾಯಿ ಉಳಿಯುತ್ತದೆ. ತೆರಿಗೆಯ ಮಿತಿಯನ್ನೇ ಮುಟ್ಟದ ಆಟೋ ಚಾಲಕನಿಗೆ ಉಳಿಯುವುದು ಸೊನ್ನೆ. ಕಟ್ಟದ ತೆರಿಗೆಯಲ್ಲಿ ರಿಯಾಯಿತಿ ಎಲ್ಲಿಂದ ಬರಬೇಕು? ಹಂಚಿಕೆಯ ನ್ಯಾಯದ ಬಗ್ಗೆ ಅರಿಸ್ಟಾಟಲನು ಹೇಳಿದ್ದನ್ನು ಗುರುಮಠದಲ್ಲಿ ನಾವು ಕಂಠಪಾಠ ಮಾಡಿದ್ದೆವು. ಅದು ಬಡ್ಡಿಯ ಲೆಕ್ಕದಲ್ಲಿ ಎದುರಾಗುವುದೆಂದು ಆಗ ಊಹಿಸಿರಲಿಲ್ಲ.

ಕಟ್ಟಡ ನಿರ್ಮಿಸುವವರಿಗೂ ರಿಯಾಯಿತಿ ದೊರೆತಿತ್ತು. 2016ರ ಜೂನ್‌ನಿಂದ 2022ರ ಮಾರ್ಚ್‌ವರೆಗೆ ಅನುಮೋದನೆಗೊಂಡ, ನಿಗದಿತ ಅಳತೆಯ ಮನೆಗಳ ಯೋಜನೆಗಳಲ್ಲಿ ಬಂದ ಲಾಭವನ್ನು ಆದಾಯ ತೆರಿಗೆಯ ಲೆಕ್ಕದಿಂದ ಪೂರ್ಣವಾಗಿ ಕಳೆಯಲು ಅವಕಾಶವಿತ್ತು. 2019ರಲ್ಲಿ ಮನೆಯ ಬೆಲೆಗೆ 45 ಲಕ್ಷದ ಮಿತಿಯೂ ಬಂದಿತು. ಆದರೆ ಕೊಳ್ಳುವವನ ಆದಾಯವೆಷ್ಟು ಎಂದು ಕಾನೂನು ಕೇಳಲಿಲ್ಲ. ಅಮೆರಿಕದಲ್ಲಿ 1986ರಿಂದ ಇರುವ ಪದ್ಧತಿ ಬೇರೆ: ಅಲ್ಲಿ ತೆರಿಗೆಯ ಲಾಭ ಪಡೆದವರು ಕಡಿಮೆ ಆದಾಯದವರಿಗೆ ಮಿತ ಬಾಡಿಗೆಯಲ್ಲಿ ಮನೆ ಕೊಡಬೇಕು, ಬಹುಕಾಲ ಹಾಗೆಯೇ ಉಳಿಸಿಕೊಳ್ಳಬೇಕು. ನಮ್ಮಲ್ಲಿ ಈ ಷರತ್ತು ಯಾರಿಗೂ ಹೊಳೆಯಲಿಲ್ಲವೇ?

ಸರ್ಕಾರವೇ ಮನೆ ಕಟ್ಟಿದರಾಯಿತು ಎನ್ನುವವರು ಮೈಸೂರು ರಸ್ತೆಯ ಕಣಿಮಿಣಿಕೆಯನ್ನು ನೆನೆಯಬೇಕು. ಅಲ್ಲಿ ಬಿ.ಡಿ.ಎ. ಕಟ್ಟಿದ ಫ್ಲ್ಯಾಟುಗಳು ಕೊಳ್ಳುವವರಿಲ್ಲದೆ ವರ್ಷಗಟ್ಟಲೆ ಖಾಲಿ ಬಿದ್ದಿದ್ದವು.

ಆ ಕುಟುಂಬಕ್ಕೆ ಒದಗಬಹುದಾದದ್ದು ಇನ್ನೊಂದು ದಾರಿ, ನೇರ ಬಡ್ಡಿ ಸಹಾಯಧನ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೆಯ ಹಂತದಲ್ಲಿ ವಾರ್ಷಿಕ ಆದಾಯ 9 ಲಕ್ಷ ಮೀರದ ಕುಟುಂಬಗಳಿಗೆ ಇದು ಅನ್ವಯಿಸುತ್ತದೆ. ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇರಬೇಕು. ಸಾಲದ ಮೊದಲ 8 ಲಕ್ಷಕ್ಕೆ ಶೇಕಡಾ 4ರ ಬಡ್ಡಿಯ ನೆರವು. ಒಟ್ಟು ಹೆಚ್ಚೆಂದರೆ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಜಮಾ ಆಗುತ್ತದೆ. ದೇಶದಲ್ಲಿ ಎಲ್ಲಿಯೂ ಕುಟುಂಬಕ್ಕೆ ಸ್ವಂತ ಪಕ್ಕಾ ಮನೆ ಇರಬಾರದು. ತೆರಿಗೆ ಕಟ್ಟದವರಿಗೂ ಇದು ತಲುಪುತ್ತದೆಂಬುದೇ ಇದರ ಹಿರಿಮೆ. ಬೆಂಗಳೂರಿನಲ್ಲಿ 35 ಲಕ್ಷದೊಳಗೆ ಮನೆ ಹುಡುಕುವ ಕಷ್ಟವನ್ನು ಹುಡುಕಿದವರೇ ಬಲ್ಲರು.

ಭೋಗ್ಯಕ್ಕೆಂದು ಲಕ್ಷಗಟ್ಟಲೆ ಕೊಟ್ಟು ಕುಳಿತಿರುವ ನಮ್ಮ ಕುಟುಂಬಗಳು ಈ ಲೆಕ್ಕವನ್ನೊಮ್ಮೆ ಹಾಕಿ ನೋಡಲಿ. ಆ ಹಣ ಕೈಗೆ ಮರಳಿದಾಗ ಮೊದಲ ಕಂತಿಗೆ ಆದೀತು.

ಆ ದಂಪತಿ ಬ್ಯಾಂಕೊಂದಕ್ಕೆ ಹೋಗಿ ವಿಚಾರಿಸಿದರು. ಪತ್ನಿಯ ಸಂಬಳದ ಚೀಟಿ ಇದೆ; ಪತಿಯ ಸಂಪಾದನೆಗೆ ಯಾವ ಕಾಗದವೂ ಇಲ್ಲ. ಎರಡು ವರ್ಷಗಳ ಆದಾಯ ತೆರಿಗೆ ವಿವರ ತನ್ನಿರೆಂದು ಹೇಳಿ ಕಳುಹಿಸಿದರಂತೆ. ಹೀಗೆ, ತೆರಿಗೆ ಕಟ್ಟಬೇಕಿಲ್ಲದವರೂ ತೆರಿಗೆಯ ಕಾಗದವನ್ನೇ ಮೊದಲು ತುಂಬಬೇಕಾಗಿದೆ. ನಮ್ಮ ಧರ್ಮಕೇಂದ್ರದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಈಗ ಭಾನುವಾರ ಬಲಿಪೂಜೆಯ ಬಳಿಕ ಅವರೊಂದಿಗೆ ಕುಳಿತು ಅದನ್ನು ತುಂಬಿಸುತ್ತಿದ್ದಾರೆ. ಮನೆಯ ಅರ್ಜಿ ಆ ತಾಯಿಯ ಹೆಸರಿನಲ್ಲಿ ಇರಲಿದೆ.