ಹಗಲು ಕೆರೆಯಲ್ಲಿ, ಇರುಳು ಹೊಲದಲ್ಲಿ

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ಮೊಟ್ಟೆಯಿಟ್ಟು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ. ಅಲ್ಲಿ ನೀರು ಹೆಪ್ಪುಗಟ್ಟುವ ಹೊತ್ತಿಗೆ ಹಿಮಾಲಯ ದಾಟಿ ದಕ್ಷಿಣಕ್ಕೆ ಇಳಿಯುತ್ತದೆ. 7,000 ಮೀಟರಿಗೂ ಎತ್ತರದಲ್ಲಿ ಅದು ಹಾರಿದ್ದು ಉಪಗ್ರಹದ ನೆರವಿನಿಂದ ದಾಖಲಾಗಿದೆ. ಅಷ್ಟು ತೆಳುವಾದ ಗಾಳಿಯಿಂದಲೂ ಆಮ್ಲಜನಕ ಹೀರಿಕೊಳ್ಳುವ ಗುಣ ಅದರ ರಕ್ತಕ್ಕಿದೆ. ವರ್ಷಕ್ಕೆ ಇಂಥ ಸುಮಾರು 8,000 ಹಕ್ಕಿಗಳನ್ನು ಕಾಣುವ ಈ ಕೆರೆಯ ವಿಸ್ತಾರ 50 ಹೆಕ್ಟೇರ್ ಆಸುಪಾಸು, ಅಷ್ಟೆ. ಅದೂ ತಾನಾಗಿ ಆದದ್ದಲ್ಲ, ಬೇಸಾಯಕ್ಕೆಂದು ಜನ ಮಳೆನೀರು ಹಿಡಿದಿಡಲು ಕಟ್ಟಿದ್ದು. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ಮಾಗಡಿಯೂ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಸಂತೋಷದ ಸಂಗತಿಯೇ. ಆದರೆ ಆ ಮನ್ನಣೆ ಕಾಯುವುದು ಹಕ್ಕಿಯ ಹಗಲನ್ನು ಮಾತ್ರ.

ಹೆಬ್ಬಾತು ಮೀನು ತಿನ್ನುವುದಿಲ್ಲ, ದನದಂತೆ ಮೇಯುತ್ತದೆ. ಹಗಲೆಲ್ಲ ನೀರಿನಲ್ಲಿ, ದಂಡೆಯಲ್ಲಿ ವಿಶ್ರಮಿಸಿ, ಕತ್ತಲಾದಂತೆ ಗುಂಪುಗುಂಪಾಗಿ ಸುತ್ತಲಿನ ಹೊಲಗಳಿಗೆ ಹೋಗುತ್ತದೆ. ಅಂದರೆ ಸರ್ಕಾರದ ಕೆರೆ ಅದಕ್ಕೆ ಹಾಸಿಗೆ. ಊಟದ ತಟ್ಟೆ ರೈತರದು. ಕೆರೆಗೆಷ್ಟೇ ಬೇಲಿ ಕಟ್ಟಿ, ಹೊಲದಲ್ಲಿ ಹಕ್ಕಿಗೆ ವಿಷ ಸಿಕ್ಕರೆ, ಮುಸ್ಸಂಜೆಯಲ್ಲಿ ಹಾರುವ ಹಾದಿಗೆ ವಿದ್ಯುತ್ ತಂತಿ ಅಡ್ಡ ಬಂದರೆ, ಬೇಲಿಯಿಂದ ಏನು ಪ್ರಯೋಜನ? ಆದ್ದರಿಂದ ಮಾಗಡಿಯ ಸಂರಕ್ಷಣೆ ಹೊಲದ ಬದುವಿನಿಂದ ಶುರುವಾಗಬೇಕು, ಹೊಲದವರನ್ನು ಕೇಳಿ ಶುರುವಾಗಬೇಕು ಎಂಬುದು ನನ್ನ ವಾದ.

ಹಕ್ಕಿ ಮೇಯ್ದರೆ ದೊಡ್ಡ ನಷ್ಟವೇನಿಲ್ಲ, ಚಿಗುರು ಮತ್ತೆ ಬರುತ್ತದೆ ಎನ್ನುವವರಿದ್ದಾರೆ. ಅದರಲ್ಲಿ ಸ್ವಲ್ಪ ನಿಜವುಂಟು. ಕವಲು ಹೆಚ್ಚಲೆಂದು ಕಡಲೆಯ ಕುಡಿ ಚಿವುಟುವುದು ನಮ್ಮ ರೈತರಿಗೆ ಗೊತ್ತಿರುವ ಕ್ರಮವೇ. ಆದರೆ ಚಿವುಟುವ ಕೈ ಗಿಡದ ವಯಸ್ಸು ನೋಡುತ್ತದೆ, ಹಿಂಡು ನೋಡುವುದಿಲ್ಲ. ಎಳೆಯ ಗಿಡ ಬೇರುಸಮೇತ ಕಿತ್ತುಬಂದರೆ ಚಿಗುರುವ ಮಾತೇ ಇಲ್ಲ. ನಷ್ಟವೂ ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಕೆರೆಗೆ ಹತ್ತಿರವಿರುವ ಕೆಲವೇ ಹೊಲಗಳ ಮೇಲೆ ಬೀಳುತ್ತದೆ. ಇಡೀ ನಾಡು ಹೆಮ್ಮೆಪಡುವ ಅತಿಥಿಗೆ ಒಂದೆರಡು ಎಕರೆಯವರೇ ಉಣಬಡಿಸಬೇಕೆನ್ನುವುದು ನ್ಯಾಯವಲ್ಲ. ಆ ನಷ್ಟಕ್ಕೆ ಸರ್ಕಾರ ಪರಿಹಾರ ಕೊಡಹೊರಟರೆ ಸುಳ್ಳು ಲೆಕ್ಕ ಹುಟ್ಟುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಆನೆ ತುಳಿದ ಗದ್ದೆಯ ಹಾನಿ ಕಣ್ಣಿಗೆ ರಾಚುತ್ತದೆ. ಹಕ್ಕಿ ಮೇಯ್ದ ಗುರುತು ಕೆಲವು ದಿನಗಳಲ್ಲಿ ಮಾಸುತ್ತದೆ. ಹಾಗೆಂದು ಕೈಬಿಡುವುದಕ್ಕಿಂತ, ಹಿಕ್ಕೆ ಹಸಿಯಿರುವಾಗಲೇ ಊರವರೂ ಅರಣ್ಯ ಮತ್ತು ಕೃಷಿ ಇಲಾಖೆಯವರೂ ಜೊತೆಗೆ ಹೋಗಿ ನೋಡುವುದು ಸರಿಯಾದ ದಾರಿ. ಮಾರ್ಚ್ ಸುಮಾರಿಗೆ ಹಿಂಗಾರಿ ಫಸಲು ಮನೆ ಸೇರಿರುತ್ತದೆ, ಹಕ್ಕಿಗಳೂ ಉತ್ತರಕ್ಕೆ ಮುಖ ಮಾಡಿರುತ್ತವೆ. ಆದ್ದರಿಂದ ಹಾನಿ ಅಳೆಯುವ ಕೆಲಸ ಡಿಸೆಂಬರ್, ಜನವರಿಯಲ್ಲೇ ಮುಗಿಯಬೇಕು.