ಪಾಠ ಪುಕ್ಕಟೆ, ಪರೀಕ್ಷೆಗೆ ಫೀಸು

ಐಐಟಿ ಮದ್ರಾಸಿನಲ್ಲಿ ಪ್ರೊ. ವಿ. ಬಾಲಕೃಷ್ಣನ್ ಮಾಡಿದ ಭೌತವಿಜ್ಞಾನದ ಪಾಠಗಳು ವರ್ಷಗಳಿಂದ ಯೂಟ್ಯೂಬಿನಲ್ಲಿವೆ. ಅನಿಮೇಷನ್ ಇಲ್ಲ, ಹಿನ್ನೆಲೆ ಸಂಗೀತವಿಲ್ಲ. ಬೋರ್ಡು, ಸೀಮೆಸುಣ್ಣ, ಎದುರಿಗೆ ಕೂತ ವಿದ್ಯಾರ್ಥಿಗಳು, ಅಷ್ಟೇ. ಆ ಕ್ಲಾಸಿನ ಬಾಗಿಲ ಹತ್ತಿರವೂ ಹೋಗಲಾಗದ ಎಷ್ಟೋ ಊರುಗಳ ಎಂಎಸ್ಸಿ ಹುಡುಗ ಹುಡುಗಿಯರು ಕ್ವಾಂಟಂ ಸಿದ್ಧಾಂತವನ್ನು ಕೇಳಿ ಕಲಿತದ್ದು ಅವರಿಂದ. ಅವುಗಳನ್ನು ನಮಗೆ ಮುಟ್ಟಿಸಿದ ಯೋಜನೆಯ ಹೆಸರು ಎನ್‌ಪಿಟಿಇಎಲ್.

ಮಾತು ಶುರುವಾದದ್ದು 1999ರಲ್ಲಿ, ಮದ್ರಾಸಿನ ಒಂದು ಕಾರ್ಯಾಗಾರದಲ್ಲಿ. ಊರೂರಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಏಳುತ್ತಿದ್ದವು, ಪಾಠ ಹೇಳುವವರು ಸಿಗುತ್ತಿರಲಿಲ್ಲ. 2003ರಲ್ಲಿ ಕೇಂದ್ರ ಸರ್ಕಾರ ಹಣ ಕೊಟ್ಟಿತು. ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಕಾಲೇಜುಗಳ ಸಿಲೆಬಸ್ಸನ್ನೇ ಮುಂದಿಟ್ಟುಕೊಂಡು ರೆಕಾರ್ಡಿಂಗಿಗೆ ಇಳಿದವು. ಅಮೆರಿಕದ ಎಂಐಟಿ ತನ್ನ ಕೋರ್ಸುಗಳ ಸಾಮಗ್ರಿಯನ್ನೆಲ್ಲ ಜಗತ್ತಿಗೆ ಉಚಿತವಾಗಿ ಬಿಡುತ್ತೇನೆಂದು ಘೋಷಿಸಿದ್ದು 2001ರಲ್ಲಿ. ಹಾಗಾಗಿ ನಮ್ಮದು ಅದರ ನಕಲು ಎನ್ನುವವರಿದ್ದಾರೆ. ಆದರೆ ಎಂಐಟಿ ತನ್ನಲ್ಲಿದ್ದದ್ದನ್ನು ಹಂಚಿತು. ಇಲ್ಲಿಯವರು ಬೇರೆಯವರ ಕಾಲೇಜಿನಲ್ಲಿ ಇಲ್ಲದ್ದನ್ನು ತುಂಬಲು ಹೊರಟಿದ್ದರು. ಎರಡೂ ಒಂದೇ ಅಲ್ಲ.

ಮುಂದಿನ ದೊಡ್ಡ ಅಲೆಯಲ್ಲಿ ಮಂಗಳೂರಿನ ಹೆಸರೂ ಇದೆ. ಸೇಂಟ್ ಅಲೋಶಿಯಸ್‌ನಲ್ಲಿ ಓದಿ, ಐಐಟಿ ಮದ್ರಾಸು ದಾಟಿ, ಎಂಐಟಿಯಲ್ಲಿ ಪ್ರಾಧ್ಯಾಪಕರಾದ ಅನಂತ್ ಅಗರ್‌ವಾಲ್ 2012ರಲ್ಲಿ ಆನ್‌ಲೈನ್ ಕೋರ್ಸುಗಳ ಎಡ್‌ಎಕ್ಸ್ ಸಂಸ್ಥೆಯ ಮುಂದಾಳಾದರು. ಎಲೆಕ್ಟ್ರಾನಿಕ್ ಸರ್ಕೀಟುಗಳ ಮೇಲೆ ಅವರ ತಂಡ ನಡೆಸಿದ ಮೊದಲ ಕೋರ್ಸಿಗೆ ಹೆಸರು ಬರೆಸಿದವರು ಸುಮಾರು 1,55,000 ಮಂದಿ. ಪಾಸಾಗಿ ಪ್ರಮಾಣಪತ್ರ ಪಡೆದವರು 7,157. ಪತ್ರಿಕೆಗಳು ಮೊದಲ ಸಂಖ್ಯೆಯನ್ನು ಹಿಡಿದು ಕುಣಿದವು, ವಿಶ್ವವಿದ್ಯಾಲಯಗಳ ಕಾಲ ಮುಗಿಯಿತು ಎಂದೂ ಬರೆದವು. ಮುಗಿಯಲಿಲ್ಲ. ಎಡ್‌ಎಕ್ಸನ್ನೇ 2021ರಲ್ಲಿ 80 ಕೋಟಿ ಡಾಲರಿಗೆ ಕೊಂಡ ಖಾಸಗಿ ಕಂಪನಿ 2024ರಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು.

7,157 ಎಂಬ ಆ ಎರಡನೆಯ ಸಂಖ್ಯೆಯಲ್ಲಿ ನಿಜವಾದ ವಿಷಯವಿತ್ತು. ಪಾಠ ಬಿಟ್ಟಿ ಸಿಕ್ಕರೆ ಸಾಲದು, ಕೂರಿಸುವವರು ಬೇಕು. ಈ ಮರ್ಮವನ್ನು ಎನ್‌ಪಿಟಿಇಎಲ್ ಹಿಡಿಯಿತು ಎನ್ನುವುದೇ ನನಗೆ ಅದರ ಇತಿಹಾಸದಲ್ಲಿ ಕುತೂಹಲದ ಭಾಗ. 2014ರಿಂದ ಅದು ಬರೀ ವಿಡಿಯೊ ಭಂಡಾರವಾಗಿ ಉಳಿಯಲಿಲ್ಲ. ಜನವರಿಗೊಮ್ಮೆ, ಜುಲೈಗೊಮ್ಮೆ ಸೆಮಿಸ್ಟರ್. 4, 8 ಅಥವಾ 12 ವಾರದ ಕೋರ್ಸು. ವಾರಕ್ಕೊಂದು ಅಸೈನ್‌ಮೆಂಟು, ಅದಕ್ಕೊಂದು ಕಡೇ ದಿನ. ಕೊನೆಗೆ ಬೇಕಾದವರಿಗೆ ಮಾತ್ರ ಪರೀಕ್ಷೆ, ಅದೂ ಮನೆಯಲ್ಲಿ ಕೂತಲ್ಲ. ಗುರುತಿನ ಚೀಟಿ ಹಿಡಿದು ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಕಣ್ಣೆದುರು ಕಂಪ್ಯೂಟರ್ ಮುಂದೆ ಮೂರು ಗಂಟೆ. ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಎರಡರಲ್ಲೂ ಬೇರೆ ಬೇರೆಯಾಗಿ ಕನಿಷ್ಠ ಅಂಕ ತೆಗೆಯಬೇಕು. ಪಾಠಕ್ಕೆ ಒಂದು ಪೈಸೆಯೂ ಇಲ್ಲ. ಪರೀಕ್ಷೆಯ ಫೀಸು ಮಾತ್ರ ಬಹಳ ಕಾಲ ಸಾವಿರ ರೂಪಾಯಿ ಇತ್ತು. ಫೀಸು ಕಟ್ಟಿದವರು ಓದುತ್ತಾರೆ. ಮಧ್ಯಮ ವರ್ಗದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ.

2017ರ ಜುಲೈ 9ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆ ‘ಸ್ವಯಂ’ ಇದೇ ಪದ್ಧತಿಯನ್ನು ಎಂಜಿನಿಯರಿಂಗಿನ ಆಚೆಗೂ ಹರಡಿತು. ಇತಿಹಾಸ, ಅರ್ಥಶಾಸ್ತ್ರ, ಕಾನೂನು, ಶಿಕ್ಷಕರ ತರಬೇತಿ, ಎಲ್ಲ ಬಂದವು. ಮ್ಯಾನೇಜ್‌ಮೆಂಟ್ ಕೋರ್ಸುಗಳ ಹೊಣೆ ಬೆಂಗಳೂರು ಐಐಎಮ್ಮಿನದು. 2021ರಿಂದ ಯುಜಿಸಿ ನಿಯಮದಂತೆ, ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಸ್ವಯಂನಲ್ಲಿ ಓದಿ, ಆ ಕ್ರೆಡಿಟ್ಟನ್ನು ಕಾಲೇಜಿನ ಅಂಕಪಟ್ಟಿಗೆ ಸೇರಿಸಿಕೊಳ್ಳಬಹುದು.

ಕ್ರೆಡಿಟ್ ಬಂದದ್ದೇ ತಡ, ಕಳ್ಳದಾರಿಯೂ ಬಂತು. ಯಾವುದೇ ಜನಪ್ರಿಯ ಕೋರ್ಸಿನ ಹೆಸರಿನ ಮುಂದೆ ‘ವಾರ 3, ಅಸೈನ್‌ಮೆಂಟ್ ಉತ್ತರ’ ಎಂದು ಹುಡುಕಿ ನೋಡಿ, ಟೆಲಿಗ್ರಾಂ ಗುಂಪುಗಳು, ಯೂಟ್ಯೂಬ್ ಚಾನೆಲ್ಲುಗಳು ಸಾಲುಗಟ್ಟಿ ನಿಲ್ಲುತ್ತವೆ. ಕಾಲೇಜು ಒತ್ತಾಯಿಸಿದ್ದರಿಂದ ಸೇರಿದ ಹುಡುಗರು ಪಾಠದ ವಿಡಿಯೊವನ್ನೇ ತೆರೆಯದೆ ಟಿಕ್ ಹಾಕಿ ಮುಗಿಸುತ್ತಾರೆ. ಆ 75 ಅಂಕಗಳನ್ನು ಪರೀಕ್ಷಾ ಕೊಠಡಿಯಲ್ಲೇ ಉಳಿಸಿಕೊಂಡವರ ಜಾಣತನ ಇಲ್ಲಿ ಗೊತ್ತಾಗುತ್ತದೆ. ಪ್ರಮಾಣಪತ್ರಕ್ಕೆ ಇಂದು ಏನಾದರೂ ಬೆಲೆಯಿದ್ದರೆ ಅದು ಆ ಮೂರು ಗಂಟೆಗಳದ್ದು.

ಭಾಷೆಯ ವಿಷಯದಲ್ಲಿ ಮಾತ್ರ ನಾವು ಮುಂದೆ ಹೋದೆವೋ ಹಿಂದೆ ಬಂದೆವೋ ಹೇಳುವುದು ಕಷ್ಟ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸುವ ‘ಸೈಟ್’ ಪ್ರಯೋಗ ನಡೆಯಿತು. ಕರ್ನಾಟಕದಿಂದ ಆಯ್ಕೆಯಾದವು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರವರಿಗೆ, ಅವರವರ ಭಾಷೆಯಲ್ಲಿ. ಇವತ್ತು ಅದೇ ರಾಯಚೂರಿನ ಹುಡುಗಿ ಬೆಂಗಳೂರಿನಲ್ಲೇ ತಯಾರಾದ ಪಾಠವನ್ನು ಫೋನಿನಲ್ಲಿ ತೆರೆದರೆ ಕೇಳಿಸುವುದು ಇಂಗ್ಲಿಷು.

ಎನ್‌ಪಿಟಿಇಎಲ್ ಸುಮ್ಮನೆ ಕೂತಿಲ್ಲ. ಹಲವು ಕೋರ್ಸುಗಳ ಉಪನ್ಯಾಸಗಳನ್ನು ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆ ತಂದಿದೆ, ಪುಸ್ತಕರೂಪದಲ್ಲೂ ಸಬ್‌ಟೈಟಲ್ಲಾಗಿಯೂ ಕೊಡುತ್ತಿದೆ. ಆದರೆ ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಂಡವರಿಗೂ ಹೆಚ್ಚಿನ ಕೋರ್ಸುಗಳ ಪರೀಕ್ಷೆಯಲ್ಲಿ ಎದುರಾಗುವುದು ಇಂಗ್ಲಿಷ್ ಪ್ರಶ್ನೆಗಳೇ. ಗಂಟೆಗಟ್ಟಲೆ ಉಪನ್ಯಾಸವನ್ನು ಅನುವಾದಿಸುವವರಿಗೆ ಹತ್ತಾರು ಪ್ರಶ್ನೆಗಳು ಭಾರವಾಗಬಾರದು. ವೈದ್ಯಕೀಯ ಪ್ರವೇಶದ ನೀಟ್ ಪ್ರಶ್ನೆಪತ್ರಿಕೆ 2017ರಿಂದಲೇ ಕನ್ನಡದಲ್ಲಿ ಅಚ್ಚಾಗುತ್ತಿದೆ, 2021ರಿಂದ ಜೆಇಇ ಮೇನ್ ಕೂಡ ಕನ್ನಡದಲ್ಲಿದೆ. ಉಚಿತ ಪಾಠದ ಪರೀಕ್ಷೆಗೆ ಅದೇಕೆ ಸಾಧ್ಯವಾಗಿಲ್ಲ ಎಂದು ಕೇಳುವ ಸರದಿ ಈಗ ನಮ್ಮ ವಿಶ್ವವಿದ್ಯಾಲಯಗಳದು.