ಮನೆಯ ಎರಡು ನಾಯಿಗಳು ಕಚ್ಚಾಡಿದರೆ ನಡುವೆ ಕೈ ಹಾಕಬೇಡಿ

ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಕಲೆ ಇದೆ. ನಮ್ಮದೇ ನಾಯಿ ಕಚ್ಚಿದ್ದು. ತಪ್ಪು ಅದರದಲ್ಲ, ನನ್ನದು.

ಮುಧೋಳದ ಹತ್ತಿರ ನಮ್ಮ ತೋಟ. ಕಬ್ಬು, ಒಂದಿಷ್ಟು ಗೋವಿನಜೋಳ, ನಾಲ್ಕು ಎಮ್ಮೆ. ಕಾವಲಿಗೆ ಎರಡು ಗಂಡು ನಾಯಿ. ಕರಿಯ ಊರ ನಾಯಿ, ವಯಸ್ಸು ಆರು. ರಾಜ ಮುಧೋಳ ತಳಿಯದು, ಮರಿ ಇದ್ದಾಗಲೇ ತಂದದ್ದು. ಮೊದಲು ಎರಡೂ ಒಂದೇ ಗೋಣಿಚೀಲದ ಮೇಲೆ ಮಲಗುತ್ತಿದ್ದವು. ರಾಜನಿಗೆ ಎರಡು ವರ್ಷ ಆಗ್ತಿದ್ದಂಗೆ ಶುರುವಾಯಿತು. ಒಂದು ಸಂಜೆ ಅವ್ವ ರೊಟ್ಟಿ ಹಾಲು ಕಲಸಿದ ತಾಟು ಇಟ್ಟು ಒಳಗೆ ಹೋದಳು. ತಿರುಗಿ ನೋಡೋದರಲ್ಲಿ ಎರಡೂ ಕುತ್ತಿಗೆಗೆ ಬಿದ್ದಿದ್ದವು. "ನಡುವ ಹೋಗಬ್ಯಾಡೋ!" ಅಂತ ಅಪ್ಪ ಕೂಗುವಷ್ಟರಲ್ಲಿ ನಾನು ಕರಿಯನ ಕೊರಳಪಟ್ಟಿ ಹಿಡಿದಾಗಿತ್ತು.

ಜಗಳದ ಭರದಲ್ಲಿ ನಾಯಿಗೆ ಯಜಮಾನನ ಕೈ ಯಾವುದು, ಎದುರಾಳಿಯ ಮೈ ಯಾವುದು ತಿಳಿಯೋದಿಲ್ಲ. ಬಡಿಗೆ ತಗೊಂಡು ಹೊಡೆದರೂ ನೋವು ಎದುರಿನ ನಾಯಿಯಿಂದಲೇ ಬಂತು ಅಂದುಕೊಂಡು ಇನ್ನೂ ಬಿಗಿಯಾಗಿ ಕಚ್ಚುತ್ತದೆ. ಮೊದಲು ಮುಖಕ್ಕೆ ಬಕೆಟ್ ನೀರು ಹೊಡೆಯಿರಿ, ಮೋಟಾರ್ ಚಾಲೂ ಇದ್ದರೆ ಪೈಪು ಹಿಡಿಯಿರಿ. ಬಗ್ಗದಿದ್ದರೆ ತಗಡು ಅಥವಾ ಹಲಗೆ ನಡುವೆ ತೂರಿಸಿ. ಇಬ್ಬರಿದ್ದರೆ ಒಬ್ಬೊಬ್ಬರು ಒಂದೊಂದು ನಾಯಿಯ ಎರಡೂ ಹಿಂಗಾಲು ಹಿಡಿದೆತ್ತಿ, ಒಂದೇ ಸಲ ಹಿಂದಕ್ಕೆ ಸರಿಯಬೇಕು. ಆದರೆ ಹಲ್ಲು ಕಚ್ಚಿ ಹಿಡಿದಿರುವಾಗ ಜಗ್ಗಬೇಡಿ, ಚರ್ಮ ಹರಿಯುತ್ತದೆ. ಒಬ್ಬರೇ ಇದ್ದಾಗ ಇದು ಬೇಡವೇ ಬೇಡ.

ನಿಮಗೆ ಕಚ್ಚಿತೋ, ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಸರಕಾರಿ ಆಸ್ಪತ್ರೆಗೆ ಹೋಗಿ. 'ನಮ್ಮದೇ ನಾಯಿ, ಏನಾಗಲ್ಲ' ಅನ್ನಬೇಡಿ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಉಳಿಯೋದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಸೂಜಿಗಳನ್ನು ನಡುವೆ ಬಿಡಬೇಡಿ.

ನಾಯಿಯ ಗಾಯವೂ ಮೋಸದ್ದು. ಮೇಲೆ ಸಣ್ಣ ತೂತು, ಒಳಗೆ ಆಳ. ನೊಣ ಕೂತರೆ ಹುಳ ಬೀಳುತ್ತದೆ. ಪಶುವೈದ್ಯರಿಗೆ ತೋರಿಸಿ. ನಾವು ನುಂಗುವ ನೋವಿನ ಗುಳಿಗೆ ಕೊಡಬೇಡಿ, ಅವು ನಾಯಿಗೆ ವಿಷವಾಗಬಹುದು.

"ಒಂದನ್ನ ಯಾರಿಗರ ಕೊಟ್ಟ ಬಿಡು" ಅಂದರು ಅಪ್ಪ. ಯಾವುದನ್ನ ಕೊಡಲಿ? ನಾನು ಪಶುವೈದ್ಯರ ಹತ್ತಿರ ಹೋದೆ. ಅವರು ಕೇಳಿದ್ದು ಒಂದೇ: ಯಾವಾಗ, ಎಲ್ಲಿ, ಯಾವುದಕ್ಕೆ ಕಚ್ಚಾಡ್ತಾವೆ? ಒಂದು ವಾರ ಮೊಬೈಲಿನಲ್ಲಿ ಬರೆದಿಟ್ಟುಕೊಂಡೆ. ಗುರುಗುಟ್ಟಿದ್ದು ನಾಲ್ಕು ಸಲ. ಮೂರು ಸಲ ತಾಟಿನ ಹತ್ತಿರ, ಒಂದು ಸಲ ನನ್ನ ಬೈಕು ಬಂದಾಗ. ನಾನು ಮೊದಲು ಯಾರ ತಲೆ ಸವರ್ತೀನಿ ಅನ್ನೋದೇ ಆ ಕೊನೆಯ ಜಗಳ!

ಆಮೇಲೆ ಮಾಡಿದ್ದು ಬಹಳ ಸರಳ. ಕರಿಯನಿಗೆ ಕೊಟ್ಟಿಗೆಯಲ್ಲಿ ಊಟ, ರಾಜನಿಗೆ ಪಂಪ್‌ಸೆಟ್ ಕೋಣೆಯ ಹಿಂದೆ. ಒಂದು ಇನ್ನೊಂದರ ಕಣ್ಣಿಗೆ ಬೀಳಬಾರದು. ತಿಂದಾದ ಕೂಡಲೇ ತಾಟು ಎತ್ತಿಡೋದು. ಬೈಕು ಇಳಿದ ಮೇಲೆ ಐದು ನಿಮಿಷ ಯಾವುದನ್ನೂ ಮಾತಾಡಿಸೋದಿಲ್ಲ. ಮೊದಲ ಕೆಲವು ದಿನ ಎರಡನ್ನೂ ಬೇರೆಬೇರೆ ಇಟ್ಟೆವು. ಆಮೇಲೆ ದಿನಾ ಬೆಳಿಗ್ಗೆ ತಮ್ಮ ಒಂದನ್ನ, ನಾನೊಂದನ್ನ ಹಗ್ಗ ಹಾಕಿ ಕಾಲುವೆ ದಂಡೆ ಮೇಲೆ ದೂರದೂರ ನಡೆಸಿದೆವು. ಸುಮ್ಮನೆ ನಡೆದರೆ ಮರುದಿನ ಸ್ವಲ್ಪ ಹತ್ತಿರ, ಗುರುಗುಟ್ಟಿದರೆ ಮತ್ತೆ ದೂರ. ಮೂರು ವಾರ ಹಿಡಿಯಿತು. ಗುರುಗುಟ್ಟಿದ್ದಕ್ಕೆ ಮಾತ್ರ ಹೊಡೆಯಬೇಡಿ. ಅದು ಎಚ್ಚರಿಕೆ, ಅದನ್ನೇ ಬಾಯಿ ಮುಚ್ಚಿಸಿದರೆ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ.

ಬೀಜ ತೆಗೆಸಿದರೆ ಎಲ್ಲ ಸರಿಹೋಗುತ್ತದೆ ಅಂತ ಹಲವರು ಹೇಳಿದರು. ಗಂಡುಗಳ ನಡುವಿನ ಪೈಪೋಟಿ ಕಡಿಮೆಯಾಗಬಹುದು, ತಾಟಿನ ಜಗಳಕ್ಕೆ ಅದೊಂದೇ ಮದ್ದಲ್ಲ. ಸಾಧು ನಾಯಿ ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ ಕಿವಿ, ಹಲ್ಲು, ಕಾಲು ನೋಯುತ್ತಿರಬಹುದು, ತೋರಿಸಿ. ಜೊಲ್ಲು ಸುರಿಸುತ್ತಾ, ನುಂಗಲು ಒದ್ದಾಡುತ್ತಾ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತಿದ್ದರೆ ಹತ್ತಿರವೇ ಹೋಗಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಈಗಲೂ ನಮ್ಮಲ್ಲಿ ತಾಟು ಬೇರೆಬೇರೆನೇ. ರಾತ್ರಿ ಮಾತ್ರ ಎರಡೂ ಕಬ್ಬಿನ ಬದುವಿನ ಮೇಲೆ ಒಟ್ಟಿಗೇ ಹಂದಿ ಕಾಯ್ತಾವೆ. ಅಪ್ಪ ಕೊಟ್ಟುಬಿಡೋ ಮಾತು ಎತ್ತಿಲ್ಲ.